ಕರೆಂಟು ಮರಳಿ ಬರುವ ದಾರಿ

ಮೈಸೂರು
ಆಷಾಢದ ಒಂದು ಸಂಜೆ

ಪ್ರೀತಿಯ ಗೆಳೆಯರೇ,

ನಿಮ್ಮ ಪತ್ರ ಸೋಮವಾರ ಕೈಸೇರಿತು. ಒಮ್ಮೆ ನಿಮ್ಮ ತಂದೆಯವರ ಪದ್ಮಿನಿ ಕಾರಿನ ಕಥೆಗಾಗಿ ಓದಿದೆ, ಇನ್ನೊಮ್ಮೆ ಅದರ ಕಾಯಿಲೆಗಾಗಿ ಓದಿದೆ. ತೀರ್ಥಹಳ್ಳಿಯ ಮಳೆಯಲ್ಲಿ ಮೂವತ್ತೈದು ವರ್ಷ ನೆನೆದ ಗಾಡಿ ಇನ್ನೂ ತನ್ನ ಕಾಲ ಮೇಲೆ ನಿಂತಿದೆ ಎಂದರೆ ಆ ಮನೆಯವರು ಅದನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾರೆ. ನೀವು ಹೇಳಿದ ತೊಂದರೆ ಮೂರು. ರಾತ್ರಿ ಹೆಡ್‌ಲೈಟು ಎಣ್ಣೆದೀಪದ ಹಾಗೆ ಹಳದಿಯಾಗಿ ಉರಿಯುತ್ತದೆ. ಬ್ರೇಕ್ ಒತ್ತಿದಾಗೆಲ್ಲ ಡ್ಯಾಶ್‌ಬೋರ್ಡಿನ ದೀಪ ತಾನೇ ತಾನಾಗಿ ಮಿಣುಕುತ್ತದೆ. ಎರಡು ಮೂರು ದಿನ ಶೆಡ್ಡಿನಲ್ಲಿ ನಿಂತರೆ ಸೆಲ್ಫ್ ಎತ್ತುವುದಿಲ್ಲ. ಇಷ್ಟನ್ನೂ ಕೇಳಿದ ಎಲೆಕ್ಟ್ರಿಷಿಯನ್ ಒಬ್ಬರು ‘ಪೂರಾ ವೈರಿಂಗ್ ಕಿಟ್ ಬದಲಾಯಿಸಿಬಿಡೋಣ’ ಅಂದರಂತೆ.

ಆ ಕಿಟ್ಟಿಗೆ ಈಗಲೇ ದುಡ್ಡು ಕೊಡಬೇಡಿ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ ಇಷ್ಟು ಉದ್ದವಾಗುತ್ತಿದೆ.

ನಮ್ಮ ಮನೆಗಳಲ್ಲಿ ಒಂದು ಬಲ್ಬಿಗೆ ಎರಡು ವೈರು ಎಳೆದಿರುತ್ತಾರೆ. ಒಂದು ಫೇಸು, ಒಂದು ನ್ಯೂಟ್ರಲ್ಲು. ಕಾರಿನಲ್ಲಿ ಹಾಗಿಲ್ಲ. ಬಹುಪಾಲು ದೀಪಗಳಿಗೆ ಕರೆಂಟು ಹೋಗುವುದಕ್ಕೆ ಮಾತ್ರ ವೈರು, ಮರಳುವುದಕ್ಕೆ ಗಾಡಿಯ ತಗಡಿನ ಮೈಯೇ ದಾರಿ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಒಂದು ದಪ್ಪ ಪಟ್ಟಿಯಿಂದ ಬಾಡಿಗೆ ಬಿಗಿದಿರುತ್ತಾರೆ. ದೀಪದ ಹೋಲ್ಡರು ಬಾಡಿಗೆ ಸ್ಕ್ರೂ ಆಗಿರುತ್ತದೆ. ಎರಡರ ನಡುವಿನ ತಗಡೆಲ್ಲ ವೈರಿನ ಕೆಲಸ ಮಾಡುತ್ತದೆ. ಇದಕ್ಕೇ ಗ್ಯಾರೇಜಿನಲ್ಲಿ ‘ಬಾಡಿ ಅರ್ಥ್’ ಅನ್ನುವುದು. ಹೊಸ ಕಾರಿನಲ್ಲಿ ಆ ತಗಡು ತಗಡಿಗೆ ಕೂಡುವ ಜಾಗ ಹೊಳೆಯುತ್ತಿರುತ್ತದೆ. ನಿಮ್ಮ ಗಾಡಿಯಲ್ಲಿ ಅಲ್ಲಿ ಮೂವತ್ತೈದು ಮಳೆಗಾಲದ ತುಕ್ಕು ಕೂತಿದೆ. ಮೇಲೆ ಒಂದೆರಡು ಸಲದ ಪೇಂಟೂ ಇರಬಹುದು. ಹೊಸ ಕಿಟ್ ಕೊಡುವುದು ಹೋಗುವ ವೈರುಗಳನ್ನು. ಮರಳುವ ದಾರಿ ಅದೇ ಹಳೆಯ ಸ್ಕ್ರೂ, ಅದೇ ತುಕ್ಕು. ಸಾವಿರಾರು ರೂಪಾಯಿ ಖರ್ಚಾದ ಮೇಲೂ ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡು ಮಿಣುಕುತ್ತಲೇ ಇರುತ್ತದೆ. ಹೀಗಾದ ಗಾಡಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ಮಿಣುಕಿನ ಗುಟ್ಟು ಬಹಳ ಚೆಂದದ್ದು. ನಿಮ್ಮ ಅಡಿಕೆ ತೋಟದ ಬಸಿಗಾಲುವೆ ನೆನಪು ಮಾಡಿಕೊಳ್ಳಿ. ಒಂದು ಸಾಲಿನ ಕಾಲುವೆಯಲ್ಲಿ ಸೋಗೆ ಕಟ್ಟಿಕೊಂಡರೆ ನೀರು ನಿಲ್ಲುವುದಿಲ್ಲ, ಪಕ್ಕದ ಸಾಲಿಗೆ ನುಗ್ಗುತ್ತದೆ. ಹಿಂದಿನ ದೀಪದಲ್ಲಿ ಸಾಮಾನ್ಯವಾಗಿ ಎರಡು ಎಳೆಯ ಬಲ್ಬು ಇರುತ್ತದೆ: ಪಾರ್ಕಿಂಗಿಗೆ 5 ವ್ಯಾಟಿನ ಎಳೆ, ಬ್ರೇಕಿಗೆ 21 ವ್ಯಾಟಿನ ಎಳೆ. ಎರಡಕ್ಕೂ ಅರ್ಥ್ ಒಂದೇ, ಬಲ್ಬಿನ ಹಿತ್ತಾಳೆಯ ಮೈ. ಆ ಅರ್ಥ್ ಸತ್ತಾಗ ನೀವು ಬ್ರೇಕ್ ಒತ್ತಿದರೆ 21 ವ್ಯಾಟಿನ ಎಳೆ ದಾಟಿದ ಕರೆಂಟಿಗೆ ಮುಂದೆ ದಾರಿ ಸಿಗುವುದಿಲ್ಲ. ಅದು 5 ವ್ಯಾಟಿನ ಎಳೆಯೊಳಗೆ ಹಿಮ್ಮುಖವಾಗಿ ಹೊಕ್ಕು ಪಾರ್ಕಿಂಗ್ ಲೈನಿಗೆ ಸೇರಿಕೊಳ್ಳುತ್ತದೆ. ಅದೇ ಲೈನಿನಲ್ಲಿ ಮುಂದಿನ ಪಾರ್ಕಿಂಗ್ ದೀಪ ಇದೆ, ನಂಬರ್ ಪ್ಲೇಟಿನ ದೀಪ ಇದೆ, ಡ್ಯಾಶ್‌ಬೋರ್ಡಿನ ದೀಪವೂ ಇದೆ. ಅವುಗಳ ಅರ್ಥ್ ಚೆನ್ನಾಗಿರುವುದರಿಂದ ಕರೆಂಟು ಅಲ್ಲಿ ಇಳಿದು ಬ್ಯಾಟರಿಗೆ ಮರಳುತ್ತದೆ. ನೀವು ಕಾಣುತ್ತಿರುವ ಮಿಣುಕು ಅದೇ. ಸ್ವಿಚ್ಚು ಕೆಟ್ಟಿಲ್ಲ, ಒಳಗೆಲ್ಲೋ ಎರಡು ವೈರು ಒಂದಕ್ಕೊಂದು ಅಂಟಿಯೂ ಇಲ್ಲ. ಕಟ್ಟಿಕೊಂಡ ಕಾಲುವೆಯ ನೀರು ಪಕ್ಕದ ಸಾಲಿಗೆ ಬಂದಿದೆ, ಅಷ್ಟೇ.

ಇಂದು ಸಂಜೆಯೇ ಪರೀಕ್ಷೆ ಮಾಡಿ. ಪಾರ್ಕಿಂಗ್ ದೀಪ ಹಾಕಿ, ಮನೆಯವರಿಗೆ ಬ್ರೇಕ್ ಒತ್ತಲು ಹೇಳಿ, ನೀವು ಗಾಡಿಯ ಹಿಂದೆ ನಿಂತು ನೋಡಿ. ಒಂದು ಕಡೆಯ ದೀಪ ಬ್ರೇಕಿಗೆ ಜೋರಾಗುತ್ತದೆ. ಇನ್ನೊಂದು ಕಡೆಯದು ಜೋರಾಗುವ ಬದಲು ಇನ್ನಷ್ಟು ಮಂಕಾಗುತ್ತದೆ, ಇಲ್ಲವೇ ಆರಿಯೇ ಹೋಗುತ್ತದೆ. ಮಂಕಾದ ಕಡೆಯ ಅರ್ಥ್ ಹೋಗಿದೆ. ಇದನ್ನು ನಾಳೆಗೆ ಮುಂದೂಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆಗುಂಬೆ ಘಾಟಿಯ ಮಂಜಿನಲ್ಲಿ ನಿಮ್ಮ ಹಿಂದೆ ಬರುವ ಬಸ್ಸಿನ ಚಾಲಕನಿಗೆ ನೀವು ಬ್ರೇಕ್ ಒತ್ತಿದ್ದು ಗೊತ್ತಾಗುವುದು ಆ ಎರಡು ಕೆಂಪು ದೀಪಗಳಿಂದ ಮಾತ್ರ.

ಇನ್ನು ಅಳತೆಯ ಮಾತು. ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ತರಿಸಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಶಿವಮೊಗ್ಗದಲ್ಲೂ ಸಿಕ್ಕೀತು. ಹೆಚ್ಚಿನವರು ಮೀಟರ್ ಕೈಗೆ ಬಂದ ಕೂಡಲೇ ಮಾಡುವುದು ಓಮ್ ಪರೀಕ್ಷೆ: ವೈರಿನ ಎರಡೂ ತುದಿಗೆ ಮುಳ್ಳು ಮುಟ್ಟಿಸಿ, ಬೀಪ್ ಸದ್ದು ಬಂದರೆ ‘ವೈರು ಸರಿ ಇದೆ’ ಅನ್ನುವುದು. ಹಳೆಯ ಗಾಡಿಯಲ್ಲಿ ಈ ಪರೀಕ್ಷೆ ನಮ್ಮನ್ನು ದಾರಿ ತಪ್ಪಿಸುತ್ತದೆ. ವೈರಿನೊಳಗಿನ ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು ಮುರಿದು ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಮೀಟರ್ ಕಳಿಸುವ ಕರೆಂಟು ತೀರಾ ಸಣ್ಣದು. ಅದಕ್ಕೆ ಒಂದು ಎಳೆ ಸಾಕು. ಹೆಡ್‌ಲೈಟಿನ ಐದು ಆಂಪಿಯರ್ ಆ ಒಂಟಿ ಎಳೆಯಲ್ಲಿ ದಾಟಲಾರದು.

ಆದ್ದರಿಂದ ಕೆಲಸ ನಡೆಯುತ್ತಿರುವಾಗಲೇ ಅಳೆಯಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ದೀಪ ಉರಿಯುತ್ತಿರಲಿ. ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಇರಲಿ, ಅದರ ಕ್ಲಾಂಪಿಗಲ್ಲ. ಕ್ಲಾಂಪ್ ಮತ್ತು ಕಂಬದ ನಡುವೆಯೂ ಕಿಲುಬು ಇರುತ್ತದೆ. ಇನ್ನೊಂದು ಮುಳ್ಳನ್ನು ಒಂದು ಉದ್ದ ವೈರು ಸೇರಿಸಿಕೊಂಡು ಹಿಂದಿನ ಬಲ್ಬಿನ ಹಿತ್ತಾಳೆ ಮೈಗೆ ಮುಟ್ಟಿಸಿ. ದಾರಿ ಚೊಕ್ಕಟವಾಗಿದ್ದರೆ ಮೀಟರ್ 0.1 ವೋಲ್ಟಿನ ಆಸುಪಾಸು ತೋರಿಸುತ್ತದೆ. 0.2 ದಾಟಿದರೆ ಎಲ್ಲೋ ಅಡ್ಡಿಯಿದೆ. ನಿಮ್ಮ ಗಾಡಿಯಲ್ಲಿ ಮೂರೋ ಐದೋ ವೋಲ್ಟ್ ಬಂದರೂ ನನಗೆ ಆಶ್ಚರ್ಯವಿಲ್ಲ. ಆಮೇಲೆ ಮುಳ್ಳನ್ನು ಒಂದೊಂದೇ ಹೆಜ್ಜೆ ಬ್ಯಾಟರಿಯ ಕಡೆಗೆ ತನ್ನಿ: ಹೋಲ್ಡರು, ಹೋಲ್ಡರಿನ ಸ್ಕ್ರೂ, ಸ್ಕ್ರೂ ಪಕ್ಕದ ಕೆರೆದ ತಗಡು. ಯಾವ ಎರಡು ಜಾಗಗಳ ನಡುವೆ ಸಂಖ್ಯೆ ದಡಕ್ಕನೆ ಇಳಿಯುತ್ತದೋ ಅಲ್ಲಿದೆ ಕಾಯಿಲೆ. ಮೊದಲ ಸಲ ಹೀಗೆ ಹಿಡಿದ ದಿನದ ಸಂತೋಷ ನನಗೆ ಇನ್ನೂ ನೆನಪಿದೆ. ಅಂದಾಜಿನ ಕೆಲಸ ಅಲ್ಲಿಗೆ ಮುಗಿಯಿತು.

ರಿಪೇರಿ ಸುಲಭ. ಸ್ಕ್ರೂ ಬಿಚ್ಚಿ, ತಗಡು ಬೆಳ್ಳಗೆ ಹೊಳೆಯುವ ತನಕ ಮರಳು ಕಾಗದದಲ್ಲಿ ಉಜ್ಜಿ, ಹೊಸ ಲಗ್ ಹಾಕಿ, ಹಲ್ಲಿನ ವಾಷರ್ ಕೊಟ್ಟು ಬಿಗಿಯಿರಿ. ಬಿಗಿದ ಮೇಲೆ ಮೇಲಿನಿಂದ ವ್ಯಾಸಲೀನ್ ಸವರಿ. ನೀರು, ಗಾಳಿ ಒಳಗೆ ಸೇರುವುದಿಲ್ಲ. ಮಲೆನಾಡಿನ ಗಾಡಿಗಳಿಗೆ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಎರಡೂ ಹಿಂದೀಪಗಳ ಹೋಲ್ಡರಿನಿಂದ ಒಂದೊಂದು ಕಪ್ಪು ವೈರು ಎಳೆದು ಡಿಕ್ಕಿಯೊಳಗೆ ಒಣಗಿದ ಜಾಗದಲ್ಲಿ ಒಂದೇ ಬೋಲ್ಟಿಗೆ ಕೂಡಿಸುತ್ತೇನೆ. ಪೆಟ್ರೋಲ್ ಟ್ಯಾಂಕಿನ ಗೇಜಿನ ಅರ್ಥ್ ಕೂಡ ಅಲ್ಲಿಗೇ ತಂದರೆ ಒಳ್ಳೆಯದು. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಮುಳ್ಳು ಸುಳ್ಳು ಹೇಳುವ ಎಷ್ಟೋ ಗಾಡಿಗಳಲ್ಲಿ ತಪ್ಪು ಈ ಅರ್ಥ್‌ನದೇ ಆಗಿರುತ್ತದೆ.

ಎಂಜಿನ್ನಿನ ಅರ್ಥ್ ಪಟ್ಟಿಯನ್ನು ಬೇರೆಯಾಗಿಯೇ ನೋಡಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯದು. ಹಾಗಾಗಿ ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ ಇರಲೇಬೇಕು. ಕೆಲವು ವರ್ಷದ ಹಿಂದೆ ನನ್ನ ಗಾಡಿಯ ಕ್ಲಚ್ ಕೆಲಸವನ್ನು ಒಂದು ಗ್ಯಾರೇಜಿನಲ್ಲಿ ಮಾಡಿಸಿದ್ದೆ. ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಗರಗರ ಅಂದು ನಿಂತಿತು. ಮತ್ತೆ ಹೊಡೆದೆ. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸುಟ್ಟ ವಾಸನೆ ಬಂತು. ಚೋಕ್ ಹಿಡಿ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಎಂಜಿನ್ ಇಳಿಸುವಾಗ ಬಿಚ್ಚಿದ ಪಟ್ಟಿಯನ್ನು ಮರಳಿ ಹಾಕಿರಲಿಲ್ಲ. ಸೆಲ್ಫ್ ಮೋಟಾರು ಎಳೆಯುವ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟಿಗೆ ಎಂಜಿನ್ನಿನಿಂದ ಬಾಡಿಗೆ ಮರಳಲು ಸಿಕ್ಕಿದ್ದು ಚೋಕಿನ ಉಕ್ಕಿನ ಕೇಬಲ್ ಒಂದೇ. ಆ ಕೇಬಲ್ ಹೋಗುವುದು ಕಾರ್ಬುರೇಟರಿಗೆ, ಅಂದರೆ ಪೆಟ್ರೋಲಿನ ಪಕ್ಕಕ್ಕೆ. ಅವತ್ತು ಮೂರನೆಯ ಸಲ ಕೀಲಿ ತಿರುಗಿಸದೆ ಇಳಿದದ್ದು ನಮ್ಮ ಪುಣ್ಯ. ನಿಮ್ಮ ಬಾನೆಟ್ ಎತ್ತಿದ ಕೂಡಲೇ ಆ ಪಟ್ಟಿ ಇದೆಯೇ, ಎರಡೂ ತುದಿ ಬಿಗಿಯಾಗಿದೆಯೇ ನೋಡಿ. ಯಾರಾದರೂ ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಪಟ್ಟಿ ಬದಲಾಯಿಸಿ.

ಹೆಡ್‌ಲೈಟಿಗೆ ಬರೋಣ. ಮೊದಲು ಒಂದು ಪ್ರಶ್ನೆ: ಆಕ್ಸಿಲರೇಟರ್ ಒತ್ತಿದಾಗ ಬೆಳಕು ಜೋರಾಗುತ್ತದೆಯೇ? ಆಗುವುದಾದರೆ ಚಾರ್ಜಿಂಗ್ ಕಡೆ ನೋಡಬೇಕು. ಹಳೆಯ ಪದ್ಮಿನಿಗಳಲ್ಲಿ ಇದ್ದದ್ದು ಡೈನಮೋ ಮತ್ತು ಕಟೌಟ್. ಡೈನಮೋ ಐಡ್ಲಿಂಗಿನಲ್ಲಿ ಸಾಕಷ್ಟು ಕರೆಂಟು ಕೊಡಲಾರದು, ಅದು ಅದರ ಸ್ವಭಾವ. ಆಲ್ಟರ್ನೇಟರ್ ಇದ್ದರೆ ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು. ಎಂಜಿನ್ ಹೇಗೆ ಓಡಿದರೂ ಬೆಳಕು ಮಂಕೇ ಇದ್ದರೆ ಕಾಯಿಲೆ ದಾರಿಯಲ್ಲಿದೆ. ಹೆಡ್‌ಲೈಟ್ ಉರಿಯುವಾಗ ಬ್ಯಾಟರಿಯ ಮೇಲೆ ಅಳೆದು, ಆಮೇಲೆ ಬಲ್ಬಿನ ಹೋಲ್ಡರಿನ ಎರಡು ಕಾಲುಗಳ ನಡುವೆ ಅಳೆಯಿರಿ. ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿನಲ್ಲಿ 11.5 ಬಂದರೆ ಎರಡೂ ಚಿಲ್ಲರೆ ವೋಲ್ಟ್ ದಾರಿಯಲ್ಲೇ ಸೋರಿತು. ಕಡಿಮೆ ಅನ್ನಿಸುತ್ತದೆ. ಆದರೆ ಬಲ್ಬಿನ ಬೆಳಕು ವೋಲ್ಟಿನ ಜೊತೆ ಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ವೋಲ್ಟ್ ಶೇಕಡಾ 10 ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಕಡಿಮೆಯಾಗುತ್ತದೆ. ನಿಮ್ಮ ಎಣ್ಣೆದೀಪದ ಲೆಕ್ಕ ಇದು.

ಆಗ ಜನ ಏನು ಮಾಡುತ್ತಾರೆಂದರೆ, ಅಂಗಡಿಗೆ ಹೋಗಿ 100 ವ್ಯಾಟಿನ ಬಲ್ಬು ತಂದು ಹಾಕುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಈ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟೆಲ್ಲ ಸ್ಟಿಯರಿಂಗ್ ಪಕ್ಕದ ಪುಟ್ಟ ಸ್ವಿಚ್ಚಿನ ಮೂಲಕವೇ ಹಾಯುತ್ತದೆ. 55 ವ್ಯಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪಿಯರ್. 100 ವ್ಯಾಟಿನ ಎರಡಕ್ಕೆ 16ರ ಮೇಲೆ. ಆ ಸ್ವಿಚ್ಚಿನ ಪ್ಲಾಸ್ಟಿಕ್ ಕರಗುವುದು ಹೀಗೆ, ವೈರಿನ ಮೈ ಕಂದುವುದು ಹೀಗೆ. ಸರಿಯಾದ ಮದ್ದು ರಿಲೇ. ಡಿಪ್ಪಿಗೆ ಒಂದು, ಹೈ ಬೀಮಿಗೆ ಒಂದು. ರಿಲೇಯ ಕಾಲುಗಳ ಮೇಲೆ ಸಂಖ್ಯೆ ಬರೆದಿರುತ್ತದೆ: 30ಕ್ಕೆ ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿಯ ಹತ್ತಿರವೇ 15 ಆಂಪಿಯರ್ ಫ್ಯೂಸು ಇಟ್ಟು, 87ರಿಂದ ಬಲ್ಬಿಗೆ, 86ಕ್ಕೆ ಹಿಂದೆ ಬಲ್ಬಿಗೆ ಹೋಗುತ್ತಿದ್ದ ಹಳೆಯ ವೈರು, 85 ಅರ್ಥ್‌ಗೆ. ಇಷ್ಟು ಮಾಡಿದರೆ ಹಳೆಯ ಸ್ವಿಚ್ಚು ಹೊರುವುದು ರಿಲೇಯ ಸುರುಳಿಯ ಅಲ್ಪ ಕರೆಂಟನ್ನು ಮಾತ್ರ. 2.5 ಚದರ ಮಿಲಿಮೀಟರಿನ ಆಟೋ ವೈರು ಸಾಕು. ರಿಲೇ, ಲಗ್, ಸ್ಲೀವು ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಒಂದೇ ಓಡಾಟಕ್ಕೆ ಸಿಗುತ್ತವೆ. ಹಳೆಯ ಬಲ್ಬನ್ನೇ ಇಟ್ಟುಕೊಂಡು ರಿಲೇ ಹಾಕಿದ ರಾತ್ರಿ ರಸ್ತೆ ನೋಡಿ, ನಿಮಗೇ ತಿಳಿಯುತ್ತದೆ.

ಬ್ಯಾಟರಿ ಇಳಿಯುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ; ಉತ್ತರ ನಿಮ್ಮ ಪತ್ರದಲ್ಲೇ ಇದೆ ಎಂದು ನನ್ನ ಅನುಮಾನ. ಹೋದ ವರ್ಷ ಅಳಿಯ ಮ್ಯೂಸಿಕ್ ಸಿಸ್ಟಂ ಹಾಕಿಸಿದ ಎಂದು ಬರೆದಿದ್ದೀರಿ. ಅದಕ್ಕೆ ಸಾಮಾನ್ಯವಾಗಿ ಎರಡು ಪ್ಲಸ್ ವೈರು ಇರುತ್ತವೆ: ಸ್ಟೇಷನ್ನುಗಳ ನೆನಪಿಗಾಗಿ ಸದಾ ಕರೆಂಟು ಬೇಕಾದ ಹಳದಿ, ಕೀಲಿ ತಿರುಗಿಸಿದಾಗ ಮಾತ್ರ ಬರಬೇಕಾದ ಕೆಂಪು. ಎಷ್ಟೋ ಕಡೆ ಎರಡನ್ನೂ ಸೇರಿಸಿ ಬ್ಯಾಟರಿ ಲೈನಿಗೆ ಸುತ್ತಿಬಿಡುತ್ತಾರೆ. ಆಗ ಸೆಟ್ಟು ಪೂರ್ತಿ ನಿದ್ದೆ ಹೋಗುವುದಿಲ್ಲ. ಅರ್ಧ ಆಂಪಿಯರ್ ಸೋರಿದರೂ ದಿನಕ್ಕೆ 12 ಆಂಪಿಯರ್-ಅವರ್ ಹೋಯಿತು. 35ರ ಬ್ಯಾಟರಿ ಮೂರನೆಯ ದಿನಕ್ಕೆ ಬರಿದು. ಎಲ್ಲ ಆಫ್ ಮಾಡಿ, ನೆಗೆಟಿವ್ ಕ್ಲಾಂಪ್ ಬಿಚ್ಚಿ, ಕ್ಲಾಂಪಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ಜೋಡಿಸಿ. ಮೀಟರ್ ಹಾಗಿರುವಾಗ ಸೆಲ್ಫ್ ಹೊಡೆಯಬೇಡಿ, ಸುಟ್ಟುಹೋಗುತ್ತದೆ. ಕಂಪ್ಯೂಟರಿಲ್ಲದ ನಿಮ್ಮ ಗಾಡಿಯಲ್ಲಿ ಸಂಖ್ಯೆ ಸೊನ್ನೆಯ ಹತ್ತಿರವೇ ಇರಬೇಕು. ಇಲ್ಲದಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ, ಮೊದಲು ಸೆಟ್ಟಿನದು. ಯಾವುದನ್ನು ತೆಗೆದಾಗ ಸಂಖ್ಯೆ ಬೀಳುತ್ತದೋ ಆ ಲೈನು. ಎಲ್ಲ ತೆಗೆದರೂ ಬೀಳದಿದ್ದರೆ ಆಲ್ಟರ್ನೇಟರಿನ ವೈರು ಬಿಚ್ಚಿ ನೋಡಿ. ಅದರ ಡಯೋಡು ಹೋದರೂ ಹೀಗಾಗುತ್ತದೆ.

ಫ್ಯೂಸ್ ಅಂದಾಗ ನೆನಪಾಯಿತು. ಪದ್ಮಿನಿಯೂ ಸೇರಿದ ಆ ಕಾಲದ ಫಿಯೆಟ್ ಬಳಗದ ಫ್ಯೂಸುಗಳು ಪಿಂಗಾಣಿ ಕಡ್ಡಿಯ ಮೇಲೆ ಲೋಹದ ಪಟ್ಟಿ ಇರುವಂಥವು, ಎರಡೂ ತುದಿ ಚೂಪು, ಸ್ಪ್ರಿಂಗಿನಂಥ ಹಿಡಿಕೆಯಲ್ಲಿ ಕೂರುತ್ತವೆ. ಆ ಚೂಪು ತುದಿಗೆ ಬಿಳಿಯ ಪುಡಿ ಕಟ್ಟುತ್ತದೆ. ಕಣ್ಣಿಗೆ ಫ್ಯೂಸು ಸರಿಯಾಗಿಯೇ ಕಾಣುತ್ತದೆ, ಕರೆಂಟು ದಾಟುವುದಿಲ್ಲ. ಬೆರಳಿಂದ ಹೊರಳಿಸಿದಾಗ ಹಾರನ್ನು ಹೊಡೆದರೆ ಹಿಡಿಕೆಯನ್ನು ಉಜ್ಜಿ ಬಿಗಿ ಮಾಡಿ. ಫ್ಯೂಸು ಪದೇ ಪದೇ ಸುಡುತ್ತಿದ್ದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರಿದ್ದಾರೆ. ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಫ್ಯೂಸು ಇರುವುದು ವೈರನ್ನು ಉಳಿಸುವುದಕ್ಕೆ. ಅದನ್ನು ಕಟ್ಟಿಹಾಕಿದರೆ ಮುಂದಿನ ಸಲ ಸುಡುವುದು ವೈರು, ಅದರ ಜೊತೆಗೆ ಗಾಡಿ. ಅದರ ಬದಲು ಫ್ಯೂಸಿನ ಜಾಗದಲ್ಲಿ ಒಂದು 21 ವ್ಯಾಟಿನ ಬಲ್ಬಿನ ಎರಡು ವೈರು ಕೊಡಿ. ಶಾರ್ಟ್ ಇರುವ ತನಕ ಬಲ್ಬು ಪೂರ್ತಿ ಉರಿಯುತ್ತದೆ. ಎರಡು ಆಂಪಿಯರಿಗಿಂತ ಹೆಚ್ಚು ಹರಿಯದ್ದರಿಂದ ಬೆಂಕಿಯ ಭಯವಿಲ್ಲ. ಆ ಲೈನಿನ ದೀಪ, ಹಾರನ್ನುಗಳ ವೈರನ್ನು ಒಂದೊಂದಾಗಿ ಕಳಚಿ, ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸಿ. ಬಲ್ಬು ಆರಿದ ಕ್ಷಣ ನಿಮ್ಮ ಕೈ ಎಲ್ಲಿದೆಯೋ ಅಲ್ಲಿ ಹುಡುಕಿ. ನನ್ನ ಅನುಭವದಲ್ಲಿ ಹೆಚ್ಚಾಗಿ ಸಿಗುವುದು ಎಂಜಿನ್ ಕೋಣೆಯಿಂದ ಒಳಗೆ ಬರುವ ತೂತಿನ ರಬ್ಬರ್ ಬಿರಿದು ತಗಡಿನ ಅಂಚು ವೈರು ಕೊಯ್ದ ಜಾಗ, ಡಿಕ್ಕಿಯ ಕೀಲಿನಲ್ಲಿ ಮಡಚಿ ಮಡಚಿ ಸವೆದ ಜಾಗ, ಮತ್ತೆ ನಿಮ್ಮ ಕಡೆ ತಪ್ಪದೆ ಇಲಿ ಕಡಿದ ಜಾಗ.

ಬರೆಯುವಾಗ ಮರೆತೆ, ಎಲ್ಲಕ್ಕಿಂತ ಮೊದಲು ಹೇಳಬೇಕಿತ್ತು. ವೈರಿಗೆ ಕೈ ಹಾಕುವ ಮುಂಚೆ ಬ್ಯಾಟರಿ ಕಳಚಿ, ನೆಗೆಟಿವ್ ಮೊದಲು. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಬ್ಯಾಟರಿಯ ಪೂರಾ ಶಕ್ತಿ ಆ ಸ್ಪ್ಯಾನರಿನಲ್ಲಿ ಹರಿಯುತ್ತದೆ. ಈ ಗಾಡಿಗಳಲ್ಲಿ ಇಗ್ನಿಷನ್ ಮತ್ತು ಚಾರ್ಜಿಂಗ್ ಲೈನುಗಳಿಗೆ ಸಾಮಾನ್ಯವಾಗಿ ಫ್ಯೂಸಿನ ಕಾವಲೂ ಇರುವುದಿಲ್ಲ.

ವೈರಿಂಗ್ ಕಿಟ್ಟನ್ನು ಬದಲಾಯಿಸಲೇಬೇಕಾದ ಗಾಡಿಗಳೂ ಇವೆ. ಬಾನೆಟ್ಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆ, ಡಿಕ್ಕಿಯಲ್ಲಿ, ಮೂರು ಕಡೆ ಟೇಪು ಬಿಚ್ಚಿ ಒಂದೊಂದು ವೈರನ್ನು ಬೆರಳಿಗೆ ಸುತ್ತಿ ನೋಡಿ. ಮೂರೂ ಕಡೆ ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಒಡೆದರೆ ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದು ಸರಿ; ನಾನೇ ಕಿಟ್ ಕೊಳ್ಳಿ ಅನ್ನುತ್ತೇನೆ. ಎಂಜಿನ್ನಿನ ಬಿಸಿ ತಾಗುವಲ್ಲಿ ಮಾತ್ರ ಒಡೆದರೆ ಅಷ್ಟನ್ನು ಮಾತ್ರ ಕತ್ತರಿಸಿ, ತಾಮ್ರ ಕೆಂಪಗೆ ಹೊಳೆಯುವ ತನಕ ಹಿಂದೆ ಹೋಗಿ, ಅದೇ ಬಣ್ಣದ ಹೊಸ ವೈರು ಸೇರಿಸಿ. ಬಣ್ಣದ ಮಾತು ಸಣ್ಣದಲ್ಲ. ಹಿಂದಿನವರು ಸಿಕ್ಕಿದ ಕೆಂಪು ವೈರನ್ನೇ ಎಲ್ಲದಕ್ಕೂ ಎಳೆದಿದ್ದರೆ ಮುಂದಿನವರಿಗೆ ನರಕ.

ಈ ಮಾದರಿಯ ಗಾಡಿ ಬೊಂಬಾಯಿಯ ಕುರ್ಲಾದಲ್ಲಿ ತಯಾರಾದದ್ದು. 1964ರಿಂದ ಫಿಯೆಟ್ 1100 ಎಂಬ ಹೆಸರಲ್ಲಿ, ಮುಂದೆ 70ರ ದಶಕದಲ್ಲಿ ಪದ್ಮಿನಿಯಾಗಿ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಟ್ಯಾಕ್ಸಿಗಳನ್ನು ಓಡಿಸುತ್ತಿಟ್ಟಿದ್ದ ಎಲೆಕ್ಟ್ರಿಷಿಯನ್ನರ ಬೆರಳುಗಳು. ಕಣ್ಣು ಮುಚ್ಚಿ ವೈರು ಗುರುತಿಸುತ್ತಿದ್ದ ಅಂಥವರು ನಮ್ಮ ಊರುಗಳಲ್ಲೂ ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಹಾಗಾಗಿ ನೀವೇ ಕಲಿಯಬೇಕೆಂದು ನನ್ನ ಆಸೆ. ಈ ಗಾಡಿಯ ವೈರಿಂಗ್ ನಕ್ಷೆಯನ್ನು ಒಂದು ದೊಡ್ಡ ಹಾಳೆಯಲ್ಲಿ ನೀವೇ ಬರೆದುಬಿಡಬಹುದು. ಮುಟ್ಟಿದ ವೈರೊಂದೊಂದಕ್ಕೂ ಚೀಟಿ ಕಟ್ಟಿ, ನಕ್ಷೆಯಲ್ಲಿ ಗೆರೆ ಎಳೆಯುತ್ತಾ ಹೋಗಿ. ಮಳೆಗಾಲ ಮುಗಿಯುವಷ್ಟರಲ್ಲಿ ಹಾಳೆ ತುಂಬುತ್ತದೆ.

ನಾಳೆ ಮಳೆ ಸ್ವಲ್ಪ ಬಿಟ್ಟಾಗ ಡಿಕ್ಕಿ ತೆಗೆದು ರಿಪೇರಿ ಶುರು ಮಾಡಿ. ಬ್ರೇಕ್ ಒತ್ತಿದಾಗ ಯಾವ ಕಡೆ ಮಂಕಾಯಿತು, ಬಲ್ಬಿನ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ ಎಷ್ಟು ವೋಲ್ಟ್ ಬಂತು, ಸ್ಕ್ರೂ ಉಜ್ಜಿ ಬಿಗಿದ ಮೇಲೆ ಎಷ್ಟಾಯಿತು, ಈ ಮೂರನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಿ. ನಾನು ಕಾಯುತ್ತಿರುತ್ತೇನೆ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಚೋಕ್ ಕೇಬಲ್ ಯಾವತ್ತಾದರೂ ಬಿಸಿಯಾಗಿತ್ತೇ ಎಂದು ಅವರನ್ನೂ ಒಂದು ಮಾತು ಕೇಳಿ.

ನಿಮ್ಮ ವಿಶ್ವಾಸಿ